ಗೋಡೆಯ ಬರಹ, ಮನೆಯ ಸಂಖ್ಯೆ, ನೆರಳು: ಅಳಿದ ಪ್ಯಾರಿಸನ್ನು ಛಾಯಾಚಿತ್ರಗಳಲ್ಲಿ ಹುಡುಕಿದ ನನ್ನ ಅನುಭವ

ಹಳೆಯ ಛಾಯಾಚಿತ್ರದ ಅಡಿಯಲ್ಲಿ ಬರೆದಿರುವ ಇಸವಿಯನ್ನು ನಾನು ಕೊನೆಗೆ ಓದುತ್ತೇನೆ. ಮೊದಲೇ ಓದಿಬಿಟ್ಟರೆ ಕಣ್ಣು ಸೋಮಾರಿಯಾಗುತ್ತದೆ; ಕಂಡದ್ದನ್ನೆಲ್ಲ ಆ ಇಸವಿಗೆ ಹೊಂದಿಸಿಕೊಂಡು ಸುಮ್ಮನಾಗುತ್ತದೆ. ಅಡಿಬರಹ ಬರೆದವರು ಎಷ್ಟೋ ಸಲ ಚಿತ್ರ ತೆಗೆದವರಾಗಿರುವುದಿಲ್ಲ. ಯಾರೋ ಗ್ರಂಥಪಾಲಕರು, ಯಾರೋ ಸಂಗ್ರಾಹಕರು, ಬೀದಿ ಅಳಿದು ಬಹಳ ಕಾಲವಾದ ಮೇಲೆ ತಮಗೆ ತಿಳಿದಷ್ಟನ್ನು ಬರೆದಿಟ್ಟಿರುತ್ತಾರೆ. ಆ ಬರಹದ ಬಗ್ಗೆ ನನಗೆ ಗೌರವವಿದೆ, ಆದರೆ ಅದನ್ನು ಒಬ್ಬ ಸಾಕ್ಷಿಯ ಹೇಳಿಕೆ ಎಂದಷ್ಟೇ ಎಣಿಸುತ್ತೇನೆ. ಚಿತ್ರದೊಳಗಿನ ಗೋಡೆ, ದೀಪ, ಚರಂಡಿ, ನೆರಳುಗಳೂ ಸಾಕ್ಷಿಗಳೇ. ಅವುಗಳ ಮಾತನ್ನು ಮೊದಲು ಕೇಳಬೇಕು.

ನಾನು ಹುಡುಕುತ್ತ ಬಂದಿರುವುದು 19ನೆಯ ಶತಮಾನದಲ್ಲಿ ಕೆಡವಿಹಾಕಿದ ಪ್ಯಾರಿಸನ್ನು. ಮೂರನೆಯ ನೆಪೋಲಿಯನ್ನನ ಆಡಳಿತದಲ್ಲಿ, 1853ರಿಂದ 1870ರವರೆಗೆ ಪ್ರಿಫೆಕ್ಟ್, ಅಂದರೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿ, ಆಗಿದ್ದ ಓಸ್ಮಾನ್ ಇಡೀ ನಗರವನ್ನು ಸೀಳಿ ಅಗಲವಾದ ಬೀದಿಗಳನ್ನು ತೆರೆದ. ಹಳೆಯ ಓಣಿಗಳು ಸಾಲುಸಾಲಾಗಿ ಹೋದವು. ನನ್ನನ್ನು ಈ ನಗರಕ್ಕೆ ಸೆಳೆದದ್ದು ಒಂದು ವಿಚಿತ್ರ ಸಂಗತಿ: ಕೆಡವಿದ ಆಡಳಿತವೇ ಕೆಡವುವ ಮುನ್ನ ಆ ಬೀದಿಗಳ ಚಿತ್ರ ತೆಗೆಸಿಟ್ಟಿತು. 1862ರಲ್ಲಿ ನಗರದ ಛಾಯಾಗ್ರಾಹಕನಾದ ಶಾರ್ಲ್ ಮಾರ್ವಿಲ್ ಎಂಬಾತ ನೆಲಸಮವಾಗಲಿದ್ದ ಬೀದಿಗಳನ್ನು ಒಂದೊಂದಾಗಿ ಸೆರೆಹಿಡಿದ. ಹಳೆಯ ಪ್ಯಾರಿಸಿನ ಆ ಸರಣಿಯಲ್ಲಿ ಸುಮಾರು 425 ಚಿತ್ರಗಳಿವೆ. ಆದರೆ 1871ರ ಮೇ ತಿಂಗಳಲ್ಲಿ, ಬಂಡೆದ್ದ ನಗರವಾಸಿಗಳ ಆಡಳಿತವಾದ ಪ್ಯಾರಿಸ್ ಕಮ್ಯೂನ್‌ನ ಕೊನೆಯ ದಿನಗಳಲ್ಲಿ, ನಗರ ಸಭಾಭವನ ಹೊತ್ತಿ ಉರಿಯಿತು. ಅದರೊಂದಿಗೆ ನಗರದ ಅಪಾರ ದಾಖಲೆಗಳೂ ಬೂದಿಯಾದವು. ಹಾಗಾಗಿ ಮಾರ್ವಿಲ್ ಚಿತ್ರಗಳ ವಿಷಯದಲ್ಲಿ ಕಡತಗಳು ಹೇಳಬೇಕಿದ್ದ ಎಷ್ಟೋ ಸಂಗತಿಗಳನ್ನು ಇಂದು ಚಿತ್ರಗಳಿಂದಲೇ ಹೊರತೆಗೆಯಬೇಕಾಗಿದೆ.

ಈ ಕೆಲಸ ದೂರದಲ್ಲಿ ಕುಳಿತೇ ಸಾಧ್ಯವಾದದ್ದು ಇತ್ತೀಚೆಗೆ. ಪ್ಯಾರಿಸ್ ನಗರದ ವಸ್ತುಸಂಗ್ರಹಾಲಯಗಳು 2020ರ ಜನವರಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಯಾರು ಬೇಕಾದರೂ ಬಳಸುವಂತೆ ಮುಕ್ತಗೊಳಿಸಿದವು. ನಗರದ ಇತಿಹಾಸಕ್ಕೇ ಮೀಸಲಾದ ಕಾರ್ನವಾಲೇ ಸಂಗ್ರಹಾಲಯದ ಚಿತ್ರಗಳೂ ಅವುಗಳಲ್ಲಿವೆ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ‘ಗಾಲಿಕಾ’ ಎಂಬ ಡಿಜಿಟಲ್ ಭಂಡಾರದಲ್ಲಿ ನಕ್ಷೆಗಳು, ವ್ಯಾಪಾರಿಗಳ ವಿಳಾಸ ಪುಸ್ತಕಗಳು, ಪತ್ರಿಕೆಗಳು ದೊರೆಯುತ್ತವೆ. ದೊಡ್ಡ ಗಾಜಿನ ಫಲಕದಿಂದ ಅಚ್ಚಾದ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸುತ್ತ ಹೋದರೆ ಮೂರನೆಯ ಅಂತಸ್ತಿನ ಕಿಟಕಿಯಲ್ಲಿ ಒಣಹಾಕಿದ ಬಟ್ಟೆಯ ಮಡಿಕೆ ಕೂಡ ಕಾಣುತ್ತದೆ. ಆ ವಿವರವನ್ನು ಮೊದಲ ಸಲ ಕಂಡಾಗ ಆದ ಸಂತೋಷ ಈಗಲೂ ಕಡಿಮೆಯಾಗಿಲ್ಲ.

ಆದರೆ ಆ ಕಾಲದ ಕ್ಯಾಮೆರಾ ಕಂಡದ್ದಕ್ಕೂ ಬೀದಿಯಲ್ಲಿ ನಿಂತವರ ಕಣ್ಣು ಕಂಡದ್ದಕ್ಕೂ ಬಹಳ ವ್ಯತ್ಯಾಸವಿದೆ. ಮಾರ್ವಿಲ್ ಬಳಸಿದ್ದು ಒದ್ದೆ ಕಲೋಡಿಯನ್ ವಿಧಾನ. ಗಾಜಿನ ಮೇಲೆ ದ್ರವ ಲೇಪಿಸಿ, ಅದು ಹಸಿಯಾಗಿರುವಾಗಲೇ ಚಿತ್ರ ತೆಗೆದು, ಅಲ್ಲಿಯೇ ಕತ್ತಲಲ್ಲಿ ಸಂಸ್ಕರಿಸಬೇಕಿತ್ತು. ಈ ಲೇಪಕ್ಕೆ ನೀಲಿ ಬೆಳಕು ಬೇಗ ತಟ್ಟುತ್ತದೆ. ಕೆಂಪು, ಹಳದಿಗಳು ಬಹುಮಟ್ಟಿಗೆ ತಟ್ಟುವುದೇ ಇಲ್ಲ. ಆದ್ದರಿಂದ ಆಕಾಶ ಬರಿದಾದ ಬಿಳಿಯಾಗಿ ಬರುತ್ತದೆ, ಮೋಡಗಳಿದ್ದರೂ ಕಾಣುವುದಿಲ್ಲ. ನೀಲಿ ಬಣ್ಣದ ಅಂಗಡಿ ಫಲಕ ಮಾಸಲು ಬಿಳಿಯಾಗಿ, ಕೆಂಪು ಬಾಗಿಲು ಕಪ್ಪಾಗಿ ಮೂಡುತ್ತದೆ. ಆ ಬೀದಿಗಳು ಮಸಿ ಹಿಡಿದು ಮಂಕಾಗಿದ್ದವು ಎಂದು ಎಷ್ಟೋ ಜನ ಬರೆಯುತ್ತಾರೆ. ಚಿತ್ರದಲ್ಲಿ ಕಪ್ಪಾಗಿ ಕಾಣುವ ಗೋಡೆ ಸೊಗಸಾದ ಕೆಂಪು ಬಣ್ಣದ್ದೂ ಆಗಿದ್ದಿರಬಹುದು ಎಂಬುದನ್ನು ಮರೆಯಬಾರದು.

ಬೀದಿಗಳು ನಿರ್ಜನವಾಗಿದ್ದವು ಎಂಬ ಭಾವನೆಯೂ ಹೀಗೆಯೇ ಹುಟ್ಟಿದ್ದು. 1838ರಲ್ಲಿ, ಛಾಯಾಗ್ರಹಣದ ಆರಂಭಕಾಲದಲ್ಲಿ, ಡಾಗೇರ್ ತೆಗೆದ ಬುಲವಾರ್ ದ್ಯು ತಾಂಪ್ಲ್ ಬೀದಿಯ ಚಿತ್ರವನ್ನು ನೋಡಿ. ಜನ, ಗಾಡಿಗಳಿಂದ ತುಂಬಿದ್ದ ಬೀದಿ ಅದು. ಫಲಕದ ಮೇಲೆ ಬೆಳಕು ಬೀಳಿಸುವ ಹಲವು ನಿಮಿಷಗಳ ಅವಧಿಯಲ್ಲಿ ಚಲಿಸಿದವರೆಲ್ಲ ಮಾಯವಾಗಿದ್ದಾರೆ. ಬೂಟು ಪಾಲಿಷ್ ಮಾಡಿಸಿಕೊಳ್ಳುತ್ತ ಒಂದೇ ಕಡೆ ನಿಂತವನೊಬ್ಬ ಉಳಿದುಕೊಂಡ. ಡಾಗೇರ್ ವಿಧಾನದ ಚಿತ್ರ, ಅಂದರೆ ಡಾಗೇರೋಟೈಪು, ಎಡಬಲ ಅದಲುಬದಲಾಗಿ ಮೂಡುವ ಚಿತ್ರವಾದ್ದರಿಂದ ನಕ್ಷೆಯೊಂದಿಗೆ ಹೋಲಿಸುವ ಮುನ್ನ ಅದನ್ನು ತಿರುಗಿಸಿಕೊಳ್ಳಬೇಕು. ಕಲೋಡಿಯನ್ ಕಾಲಕ್ಕೆ ಆ ಅವಧಿ ಸೆಕೆಂಡುಗಳಿಗೆ ಇಳಿದಿತ್ತು. ಆದರೂ ನಡೆಯುವವರು ಹೊಗೆಯಂತಹ ಗೆರೆಗಳಾಗಿ ಉಳಿಯುತ್ತಾರೆ. ಮಾರ್ವಿಲ್ ಚಿತ್ರಗಳ ಕೆಳಭಾಗದಲ್ಲಿ ಆ ಗೆರೆಗಳನ್ನು ಹುಡುಕುವುದು ನನಗೆ ಅಭ್ಯಾಸವಾಗಿದೆ. ಎಲ್ಲಿ ಹೆಚ್ಚು ಗೆರೆಗಳಿವೆಯೋ ಅಲ್ಲಿ ಜನರ ಓಡಾಟ ಹೆಚ್ಚಿತ್ತು ಎಂದಾಯಿತು.

ಕಾಲವನ್ನು ಗುರುತಿಸಲು ನಾನು ಹೆಚ್ಚು ನೆಚ್ಚಿಕೊಳ್ಳುವುದು ಬೀದಿಯ ಸಣ್ಣಪುಟ್ಟ ವಸ್ತುಗಳನ್ನು. ದೊಡ್ಡ ಕಟ್ಟಡಗಳಿಂದಲೂ ಉಪಯೋಗವಿದೆ. ನೋತ್ರ್ ದಾಮ್ ಚರ್ಚಿನ ಮೇಲೆ ಶಿಖರವಿಲ್ಲದಿದ್ದರೆ ಆ ಚಿತ್ರ 1859ಕ್ಕಿಂತ ಹಿಂದಿನದು, ಇಲ್ಲವೇ 2019ರ ಬೆಂಕಿಯ ನಂತರದ್ದು. ತ್ವಿಲರೀ ಅರಮನೆ ಇಡಿಯಾಗಿದ್ದರೆ 1871ರ ಮೇ ತಿಂಗಳಿಗಿಂತ ಮೊದಲಿನದು, ಸುಟ್ಟ ಗೋಡೆಗಳಷ್ಟೇ ನಿಂತಿದ್ದರೆ ಅವನ್ನು ಕೆಡವಿದ 1883ರೊಳಗಿನದು. ಆದರೆ ಇಕ್ಕಟ್ಟಾದ ಓಣಿಯ ಚಿತ್ರದಲ್ಲಿ ಶಿಖರವೂ ಇರುವುದಿಲ್ಲ, ಅರಮನೆಯೂ ಇರುವುದಿಲ್ಲ. ಅಲ್ಲಿ ಕೈಹಿಡಿಯುವುದು ಜಾಹೀರಾತು ಅಂಟಿಸುವ ದುಂಡನೆಯ ಮೋರಿಸ್ ಕಂಬ. ಅದು ಬಂದದ್ದು 1868ರಲ್ಲಿ. ಕುಡಿಯುವ ನೀರಿನ ವಾಲೆಸ್ ಕಾರಂಜಿಗಳು 1872ರಿಂದ ಕಾಣಿಸುತ್ತವೆ. ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ಗೋಡೆಗಳ ಮೇಲೆ ದಪ್ಪಕ್ಷರದಲ್ಲಿ ಬರೆದ ಒಂದು ಎಚ್ಚರಿಕೆ: ‘ಭಿತ್ತಿಪತ್ರ ಅಂಟಿಸುವುದನ್ನು ನಿಷೇಧಿಸಲಾಗಿದೆ, 29 ಜುಲೈ 1881ರ ಕಾನೂನು’. ಪತ್ರಿಕಾ ಸ್ವಾತಂತ್ರ್ಯದ ಆ ಕಾನೂನು ಗೋಡೆಗಳ ವಿಷಯವನ್ನೂ ಒಳಗೊಂಡಿತ್ತು. ಈ ಬರಹ ಕಂಡರೆ ಆ ಚಿತ್ರ ಮಾರ್ವಿಲ್ ತೆಗೆದದ್ದಲ್ಲ ಎಂದು ನಿಸ್ಸಂದೇಹವಾಗಿ ಹೇಳಬಹುದು. ಅವನು 1879ರಲ್ಲೇ ತೀರಿಕೊಂಡಿದ್ದ.

ಅಡಿಬರಹದಲ್ಲಿರುವ ವಾರ್ಡ್ ಸಂಖ್ಯೆಯನ್ನೂ ತೂಗಿ ನೋಡಬೇಕು. 1860ರ ಜನವರಿ 1ರಂದು ಸುತ್ತಲಿನ ಊರುಗಳು ನಗರಕ್ಕೆ ಸೇರಿ, ಅದುವರೆಗೆ 12 ಇದ್ದ ವಾರ್ಡುಗಳು 20 ಆದವು, ಸಂಖ್ಯೆಗಳೂ ಬದಲಾದವು. ಇಂದಿನ ಏಳನೆಯ ವಾರ್ಡಿನಲ್ಲಿ ಐಫೆಲ್ ಗೋಪುರವಿದೆ. ಹಳೆಯ ಏಳನೆಯದು ಸೇನ್ ನದಿಯ ಆಚೆ ದಡದಲ್ಲಿತ್ತು. ಅಂಚೆ ಕಾರ್ಡುಗಳಾದರೆ ಹಿಂಬದಿ ನೋಡುತ್ತೇನೆ. ವಿಳಾಸಕ್ಕೂ ಸಂದೇಶಕ್ಕೂ ಜಾಗ ಹಂಚಿ ಗೆರೆ ಎಳೆದ ಕಾರ್ಡುಗಳಿಗೆ ಫ್ರಾನ್ಸಿನಲ್ಲಿ ಅನುಮತಿ ಸಿಕ್ಕಿದ್ದು 1903ರ ಕೊನೆಯಲ್ಲಿ. ಅದರಿಂದ ಕಾರ್ಡು ಅಚ್ಚಾದ ಕಾಲ ತಿಳಿಯುತ್ತದೆ, ಅಷ್ಟೇ. ಚಿತ್ರ ಅದಕ್ಕಿಂತ ಎಷ್ಟೋ ವರ್ಷ ಹಳೆಯದಿರಬಹುದು.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ‘ಹಳೆಯ ಪ್ಯಾರಿಸಿನ ಬೀದಿ’ ಎಂದಷ್ಟೇ ಬರೆದಿದ್ದ ಚಿತ್ರವೊಂದು ನನಗೆ ಸಿಕ್ಕಿತ್ತು. ಎರಡೂ ಕಡೆ ಎತ್ತರದ ಹಳೆಯ ಮನೆಗಳು, ನಡುವೆ ಹರಿಯುವ ಚರಂಡಿ, ಎಡಗಡೆ ಮದ್ಯದಂಗಡಿ, ಅದರ ಪಕ್ಕದ ಗೋಡೆಯ ಮೇಲೆ 1881ರ ಕಾನೂನಿನ ಬರಹ. ಬೀದಿಯ ಹೆಸರಿನ ಫಲಕ ಚೌಕಟ್ಟಿನ ಹೊರಗೆ ಉಳಿದಿತ್ತು. ಆದರೆ ಎಡಗಡೆಯ ಮನೆಗಳ ಮೇಲೆ ಬೆಸಸಂಖ್ಯೆಗಳು, ದೂರ ಹೋದಂತೆ ಏರುತ್ತ ಹೋಗುತ್ತಿದ್ದವು.

ಪ್ಯಾರಿಸಿನ ಮನೆ ಸಂಖ್ಯೆಗಳಿಗೆ 1805ರಿಂದ ಒಂದು ಕ್ರಮವಿದೆ. ನದಿಗೆ ಅಡ್ಡವಾಗಿ ಹೋಗುವ ಬೀದಿಗಳಲ್ಲಿ ಸಂಖ್ಯೆ ನದಿಯ ಕಡೆಯಿಂದ ಆರಂಭವಾಗುತ್ತದೆ, ನದಿಗೆ ಸಮಾನಾಂತರವಾದ ಬೀದಿಗಳಲ್ಲಿ ನೀರು ಹರಿಯುವ ದಿಕ್ಕಿನಲ್ಲಿ ಏರುತ್ತದೆ. ಎಡಗಡೆ ಬೆಸ, ಬಲಗಡೆ ಸರಿ. ಹಾಗಾದರೆ ಕ್ಯಾಮೆರಾ ನೋಡುತ್ತಿದ್ದದ್ದು ಒಂದೋ ನದಿಗೆ ಬೆನ್ನು ಹಾಕಿ, ಇಲ್ಲವೇ ನದಿ ಹರಿಯುವ ಪಶ್ಚಿಮದ ಕಡೆಗೆ. ಬಲಗಡೆಯ ಮೇಲಂತಸ್ತುಗಳ ಮೇಲೆ ನೇರ ಬಿಸಿಲು ಬಿದ್ದಿತ್ತು, ಎಡಗಡೆಯ ಸಾಲು ಪೂರ್ತಿ ನೆರಳಿನಲ್ಲಿತ್ತು. ಪ್ಯಾರಿಸ್ ಇರುವಷ್ಟು ಉತ್ತರದಲ್ಲಿ ಮಧ್ಯಾಹ್ನದ ಸೂರ್ಯ ಸದಾ ದಕ್ಷಿಣದಲ್ಲೇ ಇರುವುದರಿಂದ ದಕ್ಷಿಣಕ್ಕೆ ಮುಖ ಮಾಡಿದ ಸಾಲಿಗೆ ಬಿಸಿಲು ಸಿಗುತ್ತದೆ. ಪಶ್ಚಿಮಕ್ಕೆ ನೋಡುವಾಗ ಅಂತಹ ಸಾಲು ಬಲಗಡೆಗೇ ಬರಬೇಕು. ಬೆಳಿಗ್ಗೆ ತೆಗೆದ, ಉತ್ತರಕ್ಕೆ ನೋಡುವ ಚಿತ್ರವಾದರೆ ಬಿಸಿಲು ಎಡಗಡೆಗೆ ಬೀಳುತ್ತದೆ. ಮಧ್ಯಾಹ್ನದ ನಂತರದ ಉತ್ತರಮುಖದ ಚಿತ್ರವಾಗಿದ್ದರೆ ಬಲಗಡೆಗೂ ಬೀಳಬಹುದಿತ್ತು. ಆದರೆ ಕಿಟಕಿಯ ಚಾಚುಗಳ ನೆರಳು ಬಹುತೇಕ ನೆಟ್ಟಗೆ ಕೆಳಗಿಳಿದಿತ್ತು. ಸೂರ್ಯ ಆ ಗೋಡೆಗೆ ಎದುರಾಗಿ, ಮೇಲೆ ಇದ್ದಾನೆ. ಪಶ್ಚಿಮ ಎಂಬ ಊಹೆ ಬಲವಾಯಿತು.

ಉಳಿದದ್ದು ಅಂಗಡಿಯ ಹೆಸರು. ಅರ್ಧ ಅಳಿಸಿದ ಅಕ್ಷರಗಳನ್ನೇ ಹಿಡಿದು ಡಿಡೊ-ಬೊಟ್ಯಾಂ ವಿಳಾಸ ಪುಸ್ತಕಗಳಿಗೆ ಹೋದೆ. ವರ್ಷ ವರ್ಷ ಹೊರಬರುತ್ತಿದ್ದ ಈ ಭಾರೀ ಸಂಪುಟಗಳಲ್ಲಿ ವ್ಯಾಪಾರಿಗಳನ್ನು ಹೆಸರಿನ ಪ್ರಕಾರ, ಕಸುಬಿನ ಪ್ರಕಾರ, ಬೀದಿಯ ಪ್ರಕಾರ ಮೂರು ಬಗೆಯಲ್ಲಿ ಪಟ್ಟಿ ಮಾಡಲಾಗಿದೆ. ಮದ್ಯ ಮಾರುವವರ ಪಟ್ಟಿ ಪುಟಗಟ್ಟಲೆ ಹಬ್ಬಿದೆ. ಅದೇ ಹೆಸರಿನವರು ಅನೇಕರಿದ್ದರು. ಅವರಲ್ಲಿ ಚಿತ್ರದ ಮನೆ ಸಂಖ್ಯೆಗೆ ಹೊಂದುವವನು ಒಬ್ಬನೇ. ಪೂರ್ವದಿಂದ ಬಂದು ಸೇಂ-ಮಾರ್ತಾಂ ಬೀದಿಯನ್ನು ಸೇರುವ ಓಣಿಯಲ್ಲಿ ಅವನ ಅಂಗಡಿ. ನಂತರದ ಸಂಪುಟಗಳನ್ನು ತಿರುವಿದಂತೆ ಆ ವಿಳಾಸದಲ್ಲಿ ಬೇರೊಬ್ಬನ ಹೆಸರು ಬಂತು. ಅಲ್ಲಿಗೆ ಚಿತ್ರದ ಕಾಲಕ್ಕೆ ಎರಡೂ ಕಡೆ ಮಿತಿ ಸಿಕ್ಕಿತು. ವಿಳಾಸ ಪುಸ್ತಕದ ಮಾಹಿತಿ ಸಂಪುಟದ ಇಸವಿಗಿಂತ ಹಿಂದಿನ ವರ್ಷ ಕಲೆಹಾಕಿದ್ದು ಎಂಬುದನ್ನು ನೆನಪಿಟ್ಟುಕೊಂಡು ಒಂದು ವರ್ಷ ಸಡಿಲ ಬಿಟ್ಟೆ.

ಆದರೂ ನಕ್ಷೆಯಲ್ಲಿ ತಾಳೆ ನೋಡದೆ ಒಪ್ಪಿಕೊಳ್ಳುವವನಲ್ಲ ನಾನು. 1810ರಿಂದ 1836ರ ನಡುವೆ ವಾಸ್ಸೆರೋ ಎಂಬ ವಾಸ್ತುಶಿಲ್ಪಿ ಸಿದ್ಧಪಡಿಸಿದ ನಕ್ಷೆಗಳಲ್ಲಿ ಪ್ಯಾರಿಸಿನ ಒಂದೊಂದು ಮನೆಯ ನೆಲಮಹಡಿಯ ಗೋಡೆಗಳು, ಮೆಟ್ಟಿಲುಗಳು, ಅಂಗಳಗಳು ಕೂಡ ಇವೆ. ಚಿತ್ರದಲ್ಲಿ ಒಂದು ಮನೆ ಸಾಲಿನಿಂದ ಮುಂದಕ್ಕೆ ಚಾಚಿಕೊಂಡಿತ್ತು, ಆಮೇಲೆ ಬೀದಿ ಸ್ವಲ್ಪ ಬಾಗುತ್ತಿತ್ತು. ನಕ್ಷೆಯಲ್ಲಿ ಆ ಚಾಚೂ ಇತ್ತು, ಬಾಗೂ ಇತ್ತು, ಅದೇ ಸಂಖ್ಯೆಯ ಬಳಿ. ಅಂದು ನನಗಾದ ಖುಷಿ ಹೇಳತೀರದು. ಆ ಓಣಿ ಇಂದು ಇಲ್ಲ. ಬೋಬೂರ್ ಎಂಬ ಆ ಪ್ರದೇಶವನ್ನು ‘ಅನಾರೋಗ್ಯಕರ ವಸತಿ, ಸಂಖ್ಯೆ 1’ ಎಂದು ಗುರುತಿಸಿ 1930ರ ದಶಕದಲ್ಲಿ ಕೆಡವಲಾಯಿತು. ಬಹುಕಾಲ ವಾಹನ ನಿಲುಗಡೆಯ ಜಾಗವಾಗಿದ್ದ ಬಯಲಿನಲ್ಲಿ 1977ರಲ್ಲಿ ಪೋಂಪಿದು ಕಲಾಕೇಂದ್ರ ತೆರೆಯಿತು.

ಇಷ್ಟೆಲ್ಲ ತಿಳಿದ ಮೇಲೂ ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಚಿತ್ರವನ್ನು ಯಾರು, ಯಾಕೆ ತೆಗೆಸಿದರು? ಮಾರ್ವಿಲ್‌ಗೆ ಕೆಲಸ ಕೊಟ್ಟದ್ದು ಕೆಡವುತ್ತಿದ್ದ ಆಡಳಿತ. ಅವನ ಹಳೆಯ ಬೀದಿಗಳಲ್ಲಿ ಒದ್ದೆ ಕಲ್ಲುಹಾಸು, ನಡುಚರಂಡಿಯ ಹೊಳಪು ಮುಂದಕ್ಕೆ ಎದ್ದು ಬರುತ್ತವೆ. 1878ರ ವಿಶ್ವ ಪ್ರದರ್ಶನದಲ್ಲಿ ಅವನು ತೆಗೆದ ಹೊಸ ಬೀದಿಗಳ ಚಿತ್ರಗಳನ್ನು ಹಳೆಯವುಗಳ ಜೊತೆಯಲ್ಲೇ ತೋರಿಸಲಾಯಿತು. ನೋಡುವವರು ಏನನ್ನು ಮೆಚ್ಚಬೇಕು ಎಂಬುದು ಆ ಜೋಡಣೆಯಲ್ಲೇ ಇದೆ. ಆದರೆ ಅದೇ ಮಾರ್ವಿಲ್ ನಗರದ ಅಂಚಿನ ಶಾಂಪ್ಲ್ಯಾಂ ಬೀದಿಯ ಎತ್ತರದಿಂದ ಗುಡಿಸಲುಗಳ ಸಾಲನ್ನೂ ತೆಗೆದಿದ್ದಾನೆ. ಅಗಲವಾದ ಹೊಸ ಬೀದಿಗಳಲ್ಲಿ ಬಾಡಿಗೆ ಕೊಡಲಾಗದ ಬಡವರು ನಗರದ ಅಂಚುಗಳಿಗೆ ಸರಿದಿದ್ದರು. ಓಸ್ಮಾನನ ಕೆಲಸವನ್ನು ಹೊಗಳುವವರಿಗೂ ತೆಗಳುವವರಿಗೂ ನಾನು ಮೊದಲು ತೋರಿಸುವುದು ಈ ಚಿತ್ರವನ್ನು.

ಮತ್ತೊಬ್ಬ ಛಾಯಾಗ್ರಾಹಕ ಉಜೆನ್ ಆಟ್ಜೆಯ ದಾರಿ ಬೇರೆ. 1890ರ ದಶಕದ ಕೊನೆಯಿಂದ 1927ರಲ್ಲಿ ಸಾಯುವವರೆಗೆ ಅವನು ಹಳೆಯ ಪ್ಯಾರಿಸನ್ನು ತೆಗೆಯುತ್ತಲೇ ಹೋದ. ಅವುಗಳನ್ನು ಕಲಾವಿದರಿಗೂ ಗ್ರಂಥಾಲಯಗಳಿಗೂ ಸಂಗ್ರಹಾಲಯಗಳಿಗೂ ಮಾರುತ್ತಿದ್ದ. ಬಾಗಿಲು ಬಡಿಯುವ ಕೊಂಡಿ, ಮೆಟ್ಟಿಲಿನ ಕಬ್ಬಿಣದ ಕಟಕಟೆ, ಅಂಗಡಿಯ ಫಲಕ ಅವನಿಗೆ ಬೇಕಿದ್ದವು, ಏಕೆಂದರೆ ಕೊಳ್ಳುವವರಿಗೆ ಅವು ಬೇಕಿದ್ದವು. ಹಾಗಾಗಿ ಮನೆಯ ವಿವರ ಬೇಕಾದಾಗ ಆಟ್ಜೆಯ ಬಳಿಗೂ, ಬೀದಿಯ ಒಟ್ಟು ಆಕಾರ ಬೇಕಾದಾಗ ಮಾರ್ವಿಲ್ ಬಳಿಗೂ ಹೋಗುತ್ತೇನೆ.

ಗುರುತು ಸಿಕ್ಕ ಪ್ರತಿ ಚಿತ್ರಕ್ಕೂ ಒಂದು ಹಾಳೆ ಬರೆದಿಡುತ್ತೇನೆ. ಇಸವಿಯ ಜಾಗದಲ್ಲಿ ಒಂದೇ ಅಂಕಿ ಬರೆಯುವುದಿಲ್ಲ; ‘ಇದಕ್ಕಿಂತ ಮೊದಲಲ್ಲ, ಇದಕ್ಕಿಂತ ನಂತರವಲ್ಲ’ ಎಂದು ಎರಡು ಮಿತಿಗಳನ್ನು, ಪ್ರತಿಯೊಂದರ ಮುಂದೆ ಕಾರಣವನ್ನು ಬರೆಯುತ್ತೇನೆ. ನಾಳೆ ಯಾರಾದರೂ ಹೊಸ ಪುರಾವೆ ತಂದರೆ ಯಾವ ಕಾರಣ ಬಿದ್ದುಹೋಯಿತು ಎಂದು ಅವರಿಗೆ ತಕ್ಷಣ ಗೊತ್ತಾಗಬೇಕು.

ಈಗ ಕೈಗೆತ್ತಿಕೊಂಡಿರುವುದು ಬಿಯೆವ್ರ್ ನದಿಯ ಚಿತ್ರಗಳನ್ನು. ದಕ್ಷಿಣದಿಂದ ನಗರವನ್ನು ಹೊಕ್ಕು ಸೇನ್ ಕಡೆಗೆ ಹರಿಯುತ್ತಿದ್ದ ಈ ಪುಟ್ಟ ನದಿಯ ದಡದಲ್ಲಿ ಚರ್ಮ ಹದಮಾಡುವವರೂ ಬಣ್ಣ ಹಾಕುವವರೂ ತುಂಬಿದ್ದರು. ಹೊಲಸಾದ ನೀರನ್ನು ಹಂತಹಂತವಾಗಿ ಮುಚ್ಚುತ್ತ ಬಂದು 1912ರ ಹೊತ್ತಿಗೆ ಪ್ಯಾರಿಸಿನೊಳಗೆ ನದಿಯೇ ಕಾಣದಂತೆ ಮಾಡಲಾಯಿತು. ಮಾರ್ವಿಲ್, ಆಟ್ಜೆ ಇಬ್ಬರೂ ಇಲ್ಲಿ ಚಿತ್ರ ತೆಗೆದಿದ್ದಾರೆ. ಕಷ್ಟವೆಂದರೆ ನದಿ ಇಲ್ಲಿ ಎರಡು ಕವಲಾಗಿ ಹರಿಯುತ್ತಿತ್ತು, ಯಾವ ಚಿತ್ರ ಯಾವ ಕವಲಿನದು ಎಂಬುದು ನೋಟಕ್ಕೆ ತಿಳಿಯುವುದಿಲ್ಲ. ಮನೆ ಸಂಖ್ಯೆಗಳೂ ನೀರಿನ ಕಡೆಗೆ ಇರುವುದಿಲ್ಲ. ತೊಗಲು ಒಣಗಿಸಲು ಕಟ್ಟಿದ ಮರದ ಪಟ್ಟಿಗಳ ಅಟ್ಟಗಳು ಯಾವ ದಡದಲ್ಲಿವೆ, ಬಿಸಿಲು ಯಾವ ಕಡೆ ಬಿದ್ದಿದೆ ಎಂಬುದನ್ನು ಒಂದೊಂದು ಚಿತ್ರದಲ್ಲೂ ಬರೆದುಕೊಂಡು, ವಿಳಾಸ ಪುಸ್ತಕದ ಚರ್ಮ ಹದಗಾರರ ಪಟ್ಟಿಯೊಂದಿಗೆ ಹೋಲಿಸುತ್ತಿದ್ದೇನೆ.