ಏರ್‌ಪಾರ್ಕ್‌ನಲ್ಲಿ ಮನೆ ಕೊಳ್ಳುವ ಮುಂಚೆ

ಏರ್‌ಪಾರ್ಕ್ ಅಂದರೆ ರನ್‌ವೇ ಸುತ್ತ ಮನೆಗಳಿರುವ ಬಡಾವಣೆ. ಫ್ಲೋರಿಡಾದ ಅಂಥ ಒಂದು ಏರ್‌ಪಾರ್ಕ್ ಸ್ಪ್ರೂಸ್ ಕ್ರೀಕ್‌ಗೆ ಮನೆ ನೋಡಲು ಬರುವ ನಮ್ಮವರು ಮೊದಲು ಕೇಳುವುದು ಹ್ಯಾಂಗರ್, ಅಂದರೆ ವಿಮಾನ ನಿಲ್ಲಿಸುವ ಶೆಡ್, ಎಷ್ಟು ದೊಡ್ಡದು ಅಂತ. ಊರಿಂದ ಅಪ್ಪ ಅಮ್ಮ ಬಂದರೆ ಸಂಜೆ ಎಲ್ಲಿ ವಾಕಿಂಗ್ ಹೋಗುತ್ತಾರೆ, ಅದನ್ನು ಮೊದಲು ನೋಡಿ.

ಡೇಟೋನಾ ಬೀಚ್ ಹತ್ತಿರದ ಈ ಜಾಗದಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯವರು ತರಬೇತಿ ಮಾಡುತ್ತಿದ್ದರು. ಈಗ 4000 ಅಡಿ ರನ್‌ವೇ, ಅದರ ಸುತ್ತ ಮನೆಗಳು. ಸೆಸ್ನಾ, ಬೀಚ್ ಅಂತ ವಿಮಾನ ಕಂಪನಿಗಳ ಹೆಸರಿನ ಬೀದಿಗಳೂ ಇವೆ. ಆದರೆ ಎಲ್ಲ ಮನೆಗೂ ಹ್ಯಾಂಗರ್ ಇಲ್ಲ, ಗಾಲ್ಫ್ ಮೈದಾನದ ಕಡೆಗೆ ಮುಖ ಮಾಡಿದ ಮನೆಗಳೂ ಇವೆ. ಟ್ಯಾಕ್ಸಿವೇ, ಅಂದರೆ ಹ್ಯಾಂಗರ್‌ನಿಂದ ರನ್‌ವೇಗೆ ವಿಮಾನ ಹೋಗುವ ದಾರಿ, ಬಳಸುವ ಹಕ್ಕು ಮನೆಯ ಜೊತೆಗೇ ಬರುತ್ತದಾ ಅಂತ ವಕೀಲರಿಗೆ ಕಾಗದಪತ್ರ ತೋರಿಸಿ ಖಚಿತ ಮಾಡಿಕೊಳ್ಳಿ.

ಈ ಟ್ಯಾಕ್ಸಿವೇ ನೋಡಲು ಮಾಮೂಲಿ ರಸ್ತೆ ಥರಾನೇ ಇರುತ್ತದೆ, ಹಿರಿಯರಿಗೆ ಗೊತ್ತಾಗುವುದಿಲ್ಲ. ಇಲ್ಲಿ ವಿಮಾನ ಬಂದರೆ ಕಾರು, ಸೈಕಲ್, ಮನುಷ್ಯರು ಎಲ್ಲರೂ ಪಕ್ಕಕ್ಕೆ ಸರಿಯಬೇಕು. ಹಿಂದೆ ಬಾಲದಲ್ಲಿ ಪುಟ್ಟ ಚಕ್ರ ಇರುವ ಹಳೇ ವಿಮಾನಗಳ ಮೂಗು ನೆಲದ ಮೇಲೆ ಇರುವಾಗ ಮೇಲಕ್ಕೆ ಎತ್ತಿಕೊಂಡಿರುತ್ತದೆ. ಒಳಗೆ ಕೂತವರಿಗೆ ನೇರ ಮುಂದೆ ಏನೂ ಕಾಣುವುದಿಲ್ಲ. ಅದಕ್ಕೇ ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ ತಿರುಗಿಸುತ್ತಾ ಹಾವಿನ ಥರ ಬರುತ್ತಾರೆ. ‘ನಾವು ಕಾಣಿಸ್ತೀವಲ್ಲ, ನಿಲ್ಲಿಸ್ತಾರೆ ಬಿಡು’ ಅಂತ ಅಮ್ಮ ಅಂದುಕೊಂಡರೆ ಅಪಾಯ.

ಮಕ್ಕಳಿಗೆ ಎರಡು ವಿಷಯ ಬಾಯಿಪಾಠ ಆಗಲಿ. ವಿಮಾನದ ಕೆಂಪು ದೀಪ ಮಿನುಗುತ್ತಿದ್ದರೆ ಎಂಜಿನ್ ಓಡುತ್ತಿದೆ, ಇಲ್ಲವೇ ಈಗಲೇ ಶುರುವಾಗುತ್ತದೆ. ಪ್ರೊಪೆಲ್ಲರ್ ನಿಂತಿದ್ದರೂ, ಕೀ ತೆಗೆದಿದ್ದರೂ ಮುಟ್ಟಬಾರದು. ಹ್ಯಾಂಗರ್ ಮುಂದೆ ಆಟದ ಸಾಮಾನು ಬಿಡಬೇಡಿ. ಒಂದು ಕಲ್ಲು ಬಡಿದರೂ ಸಾಕು, ಪ್ರೊಪೆಲ್ಲರ್ ಅಂಚು ಹಾಳಾಗುತ್ತದೆ. ದೀಪಾವಳಿಗೆ ಹ್ಯಾಂಗರ್ ಬಾಗಿಲಲ್ಲಿ ಹಣತೆ, ಸುರುಸುರುಬತ್ತಿ ಬೇಡವೇ ಬೇಡ, ಒಳಗೆ ಪೆಟ್ರೋಲ್ ಇರುತ್ತದೆ. ಮನೆ ಮುಂದಿನ ಬಾಗಿಲು ಇದೆಯಲ್ವಾ, ದೀಪ ಅಲ್ಲಿ ಹಚ್ಚಿ. ಗಾಳಿಪಟ ಹಾರಿಸಲು ಬೀಚಿಗೆ ಹೋಗಿ.

ಇನ್ನು ವೀಸಾ. ಎಚ್-1ಬಿ ಅನ್ನುವ ಕೆಲಸದ ವೀಸಾ ಇದ್ದರೂ ಮನೆ ಕೊಳ್ಳಬಹುದು, ಆದರೆ ವಿಮಾನ ನಿಮ್ಮ ಹೆಸರಿಗೆ ನೋಂದಣಿ ಆಗುವುದಿಲ್ಲ. ಅದಕ್ಕೆ ಅಮೆರಿಕದ ಪೌರತ್ವ ಇಲ್ಲವೇ ಗ್ರೀನ್ ಕಾರ್ಡ್ ಬೇಕು. ಟ್ರಸ್ಟ್ ಮೂಲಕ ಮಾಡಿಸುವ ದಾರಿ ಇದೆ, ಖರ್ಚು ಜಾಸ್ತಿ. ಹಾರಾಟ ಕಲಿಯಲು ಮೊದಲೇ ಟಿಎಸ್‌ಎ (ಅಮೆರಿಕದ ಸಾರಿಗೆ ಭದ್ರತಾ ಇಲಾಖೆ) ಒಪ್ಪಿಗೆ ತೆಗೆದುಕೊಳ್ಳಬೇಕು. ಗ್ರೀನ್ ಕಾರ್ಡ್ ಇದ್ದವರಿಗೂ ಇದು ತಪ್ಪಿದ್ದಲ್ಲ. ಪ್ರೈವೇಟ್ ಪೈಲಟ್ ಲೈಸೆನ್ಸ್‌ಗೆ ಸಾಮಾನ್ಯವಾಗಿ ಕನಿಷ್ಠ 40 ಗಂಟೆ ಹಾರಾಟ ಬೇಕು ಅನ್ನುತ್ತದೆ ನಿಯಮ. ಕೆಲಸ, ಸಂಸಾರದ ಮಧ್ಯೆ ಕಲಿಯುವವರಿಗೆ ಅದಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಲೈಸೆನ್ಸ್ ಕೈಗೆ ಬರುವ ತನಕ ಹ್ಯಾಂಗರ್ ಮನೆಗೆ ದುಡ್ಡು ಹಾಕಬೇಡಿ ಅನ್ನುವುದು ನನ್ನ ಸಲಹೆ.

ಇಲ್ಲಿ ಶನಿವಾರ ಬೆಳಿಗ್ಗೆ ಸುಮಾರು ಜನ ಒಟ್ಟಿಗೆ ವಿಮಾನ ಹಾರಿಸಿಕೊಂಡು ತಿಂಡಿಗೆ ಹೋಗುವ ರೂಢಿ ಇದೆ. ಪರಿಚಯದವರಿದ್ದರೆ ಅಂಥ ಒಂದು ಬೆಳಿಗ್ಗೆ ಮನೆಯವರನ್ನೆಲ್ಲ ಕರೆದುಕೊಂಡು ಬನ್ನಿ. ಆ ಸದ್ದು ಅವರಿಗೆ ಒಗ್ಗುತ್ತದಾ ನೋಡಿ. ಒಗ್ಗದಿದ್ದರೆ ಬೇರೆ ಕಡೆ ಮನೆ ಮಾಡಿ, ಹತ್ತಿರದ ವಿಮಾನ ನಿಲ್ದಾಣದಲ್ಲಿ ಹ್ಯಾಂಗರ್ ಬಾಡಿಗೆಗೆ ಹಿಡಿಯಿರಿ.