ನಾಯಿ ಜೊತೆ ಬೆಟ್ಟದ ಬಂಗಲೆಗೆ ಹೋಗುವ ಮುಂಚೆ ಏನೇನು ಕೇಳಬೇಕು

‘ಪೆಟ್ ಫ್ರೆಂಡ್ಲಿ’ ಅಂತ ಬರೆದಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಅಡ್ವಾನ್ಸ್ ಕಳಿಸಬೇಡಿ. ಕೆಲವು ಮಾಲೀಕರು ನಾಯಿಯನ್ನು ಮನೆಯೊಳಗೆಲ್ಲ ಬಿಡುತ್ತಾರೆ, ಇನ್ನು ಕೆಲವರು ನೀವು ಲಗೇಜ್ ಇಳಿಸಿದ ಮೇಲೆ ‘ರಾತ್ರಿ ಹೊರಗಿನ ಶೆಡ್‌ನಲ್ಲಿ ಕಟ್ಟಿಬಿಡಿ’ ಅನ್ನುತ್ತಾರೆ. ಆಗ ಏನು ಮಾಡುತ್ತೀರಿ? ಅದಕ್ಕೇ ಫೋನ್ ಮಾಡಿ ಮಾತಾಡಿ. ಎಷ್ಟು ನಾಯಿ, ಯಾವ ತಳಿ, ಎಷ್ಟು ತೂಕ ಅಂತ ನೀವೇ ಮೊದಲು ಹೇಳಿ. ಬೆಡ್‌ರೂಮಿಗೆ ಬಿಡಬಹುದಾ, ಸ್ವಲ್ಪ ಹೊತ್ತು ಒಂದೇ ಬಿಟ್ಟು ಹೋಗಬಹುದಾ, ನಾಯಿಗೆ ತೆಗೆದುಕೊಳ್ಳುವ ದುಡ್ಡು ದಿನಕ್ಕಾ ಇಡೀ ಟ್ರಿಪ್‌ಗಾ, ಇಷ್ಟು ಕೇಳಿ. ಒಪ್ಪಿಕೊಂಡಿದ್ದನ್ನೆಲ್ಲ ಮೆಸೇಜ್‌ನಲ್ಲಿ ಬರೆಸಿಕೊಳ್ಳಿ.

ಆಮೇಲೆ ಕಾಂಪೌಂಡ್. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದೇ. ಬೆಟ್ಟದ ಮನೆಗಳಲ್ಲಿ ಮುಂದೆ ಚೆಂದದ ಗೋಡೆ, ಗೇಟು ಇರುತ್ತದೆ, ಹಿಂದೆ ಇಳಿಜಾರು ಶುರುವಾಗುವ ಕಡೆ ಬರೀ ಗಿಡಗಳ ಸಾಲು, ಅಥವಾ ಏನೂ ಇಲ್ಲ. ‘ಕಾಂಪೌಂಡ್ ಇದೆ’ ಅಂದರೆ ಒಪ್ಪಿಕೊಳ್ಳದೆ ಮನೆ ಸುತ್ತ ಒಂದು ರೌಂಡ್ ನಡೆದು ವಿಡಿಯೋ ಕಳಿಸಿ ಅಂತ ಕೇಳಿ. ಗೇಟಿನ ಕೆಳಗಿನ ಸಂದು ಕಾಣಬೇಕು, ಗೋಡೆ ಎಲ್ಲಿ ನಿಲ್ಲುತ್ತದೆ ಅನ್ನುವುದೂ ಕಾಣಬೇಕು. ಚಿರತೆ ಓಡಾಡುವ ಜಾಗವಾ ಅಂತಲೂ ಕೇಳಿ. ಚಿರತೆಗೆ ನಾಯಿ ಸುಲಭದ ಬೇಟೆ, ಗೋಡೆ ಹಾರುವುದು ಅದಕ್ಕೆ ಕಷ್ಟವೇ ಅಲ್ಲ. ಅಂಥ ಕಡೆ ಕತ್ತಲಾದ ಮೇಲೆ ಮೂತ್ರಕ್ಕೆ ಕರೆದುಕೊಂಡು ಹೋದರೂ ಬೆಲ್ಟ್ ಹಾಕಿ, ಟಾರ್ಚ್ ಹಿಡಿದು, ಬಾಗಿಲ ಹತ್ತಿರವೇ ಮುಗಿಸಿ ಬನ್ನಿ.

ಬಾಲ್ಕನಿ ಕಂಬಿಗಳ ನಡುವೆ ನಾಯಿಯ ತಲೆ ತೂರುತ್ತದೆ ಅಂದರೆ ಸಣ್ಣ ನಾಯಿಯ ಮೈಯೂ ತೂರುತ್ತದೆ ಅಂತಲೇ ಇಟ್ಟುಕೊಳ್ಳಿ, ಆ ಬಾಗಿಲು ಹಾಕಿಯೇ ಇರಲಿ. ವಯಸ್ಸಾದ ನಾಯಿ ಇದ್ದರೆ ಕೆಳಗಿನ ಮಹಡಿಯ ರೂಮ್ ತೆಗೆದುಕೊಳ್ಳಿ. ನುಣುಪು ನೆಲಕ್ಕೆ ಒಂದೆರಡು ಮ್ಯಾಟ್ ಒಯ್ಯಿರಿ.

ಇಲಿ ಪಾಷಾಣದ ವಿಷಯ ತುಂಬಾ ಜನ ಯೋಚನೆಯನ್ನೇ ಮಾಡುವುದಿಲ್ಲ. ಸೀಸನ್ ಇಲ್ಲದಾಗ ಮುಚ್ಚಿರುವ ಮನೆಗೆ ಇಲಿ ಸೇರಿಕೊಳ್ಳುತ್ತವೆ, ನೋಡಿಕೊಳ್ಳುವವರು ಸಿಂಕಿನ ಕೆಳಗೆ, ಫ್ರಿಜ್ ಹಿಂದೆ, ಸ್ಟೋರ್ ರೂಮಿನ ಮೂಲೆಯಲ್ಲಿ ಬಣ್ಣದ ಬಿಲ್ಲೆ ಇಟ್ಟು ಮರೆತಿರುತ್ತಾರೆ. ಇವುಗಳಲ್ಲಿ ಹಲವು ರಕ್ತ ಹೆಪ್ಪುಗಟ್ಟದಂತೆ ಮಾಡುವಂಥವು. ನಾಯಿ ತಿಂದ ದಿನ ಆರಾಮಾಗಿಯೇ ಇರುತ್ತದೆ, ಕೆಲವು ದಿನ ಕಳೆದ ಮೇಲೆ ಸುಸ್ತು, ವಸಡಿನಲ್ಲಿ ರಕ್ತ ಶುರುವಾಗುತ್ತದೆ, ಅಷ್ಟರಲ್ಲಿ ನೀವು ಊರಿಗೆ ವಾಪಸ್ ಬಂದಿರುತ್ತೀರಿ. ಹೋಗುವ ಮುಂಚೆಯೇ ತೆಗೆಸಿ. ತಲುಪಿದ ಮೇಲೆ ಒಬ್ಬರು ನಾಯಿಯನ್ನು ಹೊರಗೆ ಹಿಡಿದುಕೊಂಡಿರಲಿ, ಇನ್ನೊಬ್ಬರು ಮೂಲೆ ಮೂಲೆ ನೋಡಿ ಬರಲಿ. ತಿಂದಿದೆ ಅನ್ನುವ ಅನುಮಾನ ಬಂದರೂ ಸಾಕು, ಕಾಯಬೇಡಿ, ಆ ಪ್ಯಾಕೆಟ್ ಸಮೇತ ಡಾಕ್ಟರ್ ಹತ್ತಿರ ಹೋಗಿ.

ಹತ್ತಿರದ ಪಶುವೈದ್ಯರು ಎಷ್ಟು ಕಿಲೋಮೀಟರ್ ಅಂತ ಕೇಳಬೇಡಿ, ಎಷ್ಟು ಹೊತ್ತಿನ ದಾರಿ, ರಾತ್ರಿ ಸಿಗುತ್ತಾರಾ ಅಂತ ಕೇಳಿ. ಬೆಟ್ಟದಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ ಅಲ್ವಾ, ನಂಬರನ್ನು ಕಾಗದದಲ್ಲಿ ಬರೆದಿಡಿ. ರೇಬಿಸ್ ಲಸಿಕೆ ಹಾಕಿಸಿದ ಪುಸ್ತಕ ಜೊತೆಗಿರಲಿ.

ದೊಡ್ಡ ಮನೆ ಅಂದರೆ ನಾಲ್ಕು ಕುಟುಂಬ, ಮಕ್ಕಳು, ಎರಡು ಮೂರು ನಾಯಿ ಸೇರುವುದು ಸಾಮಾನ್ಯ. ಪರಿಚಯ ಇಲ್ಲದ ನಾಯಿಗಳನ್ನು ಒಂದೇ ಸಲ ಹಾಲ್‌ಗೆ ಬಿಟ್ಟರೆ ಜಗಳ ಗ್ಯಾರಂಟಿ. ಮೊದಲು ಹೊರಗೆ ಎಲ್ಲವನ್ನೂ ಬೆಲ್ಟ್‌ನಲ್ಲೇ ಸ್ವಲ್ಪ ದೂರ ಜೊತೆಯಾಗಿ ನಡೆಸಿ, ಆಮೇಲೆ ಒಳಗೆ ತನ್ನಿ. ಊಟ ಬೇರೆ ಬೇರೆ ರೂಮಿನಲ್ಲಿ ಹಾಕಿ. ಗುಂಪಿನಲ್ಲಿ ಯಾರಿಗಾದರೂ ನಾಯಿ ಅಂದರೆ ಭಯ ಇದ್ದರೆ ಅವರಿಗೆ ನಾಯಿ ಬಾರದ ಒಂದು ಕಡೆ ಬೇಕೇ ಬೇಕು, ಹಾಗಾಗಿ ಎರಡು ಹಾಲ್ ಇರುವ ಮನೆ ಸಿಕ್ಕಿದರೆ ಬಿಡಬೇಡಿ.

ತಿರುವಿನ ದಾರಿಯಲ್ಲಿ ನಾಯಿಗೂ ವಾಂತಿ ಬರುತ್ತದೆ. ಹೊರಡುವ ಮೂರು ನಾಲ್ಕು ಗಂಟೆ ಮುಂಚೆ ಊಟ ಮುಗಿಸಿ, ನಡುವೆ ನೀರು ಕೊಡಿ. ತಂಪು ಹವೆ ಅಂತ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಹೋಗಬೇಡಿ, 10 ನಿಮಿಷದಲ್ಲಿ ಒಳಗಿನ ಬಿಸಿ 10 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಹುದು. ಪಗ್, ಬುಲ್‌ಡಾಗ್ ಥರದ ಚಪ್ಪಟೆ ಮೂಗಿನ ನಾಯಿಗಳಿಗೆ ಉಸಿರಾಟವೇ ಕಷ್ಟ, ತುಂಬಾ ಎತ್ತರದ ಜಾಗಕ್ಕೆ ಹೋಗುವ ಮುಂಚೆ ಡಾಕ್ಟರನ್ನು ಕೇಳಿ.

ವಾಕಿಂಗ್ ಮುಗಿಸಿ ಬಂದಾಗಲೆಲ್ಲ ಬೆರಳ ಸಂದು, ಕಿವಿ, ಬಾಲದ ಬುಡದಲ್ಲಿ ರಕ್ತ ಹೀರುವ ಉಣ್ಣಿ ಹುಳ ಇದೆಯಾ ನೋಡಿ. ಕಂಡರೆ ಚಿಮುಟದಲ್ಲಿ ಚರ್ಮಕ್ಕೆ ಒತ್ತಿದ ಹಾಗೆ ಹಿಡಿದು ನೇರವಾಗಿ ಎಳೆಯಿರಿ, ಎಣ್ಣೆ, ಸೀಮೆಎಣ್ಣೆ ಹಚ್ಚಬೇಡಿ.

ಸೋಫಾಗೆ ಹಾಸಲು ಹಳೇ ಬೆಡ್‌ಶೀಟ್ ಒಯ್ಯಿರಿ. ತಲುಪಿದ ತಕ್ಷಣ ಬಾಗಿಲು, ಸೋಫಾ ಮೇಲಿನ ಹಳೇ ಗೀರುಗಳ ವಿಡಿಯೋ ಮಾಡಿ ಮಾಲೀಕರಿಗೆ ಕಳಿಸಿಬಿಡಿ, ಡೆಪಾಸಿಟ್ ಮುರಿದುಕೊಳ್ಳುವ ಮಾತು ಬಂದರೆ ತೋರಿಸಲು ನಿಮ್ಮ ಹತ್ತಿರ ಇರುವುದು ಅದೊಂದೇ. ಗುಡ್ಡ ಕುಸಿದು ಅಥವಾ ಹಿಮ ಬಿದ್ದು ರಸ್ತೆ ಮುಚ್ಚಿದರೆ ದುಡ್ಡು ವಾಪಸ್ ಕೊಡುತ್ತಾರಾ ಅನ್ನುವುದನ್ನೂ ಬುಕ್ ಮಾಡುವಾಗಲೇ ಕೇಳಿಕೊಳ್ಳಿ.