ರಾತ್ರಿಯಿಡೀ ತುಂಡಾಗದ ಶ್ರುತಿ: ಭಜನೆಯ ಆ್ಯಪ್‌ಗೆ ಧ್ವನಿ ಕೂಡಿಸಿದ ನನ್ನ ಅನುಭವ

ಕಳೆದ ಶ್ರಾವಣದ ಕೊನೆಯ ಸೋಮವಾರ ಮಾಯಕೊಂಡದ ಕಡೆಯ ಒಂದು ಹಳ್ಳಿಯಲ್ಲಿ ಅಹೋರಾತ್ರಿ ಭಜನೆ ಇತ್ತು. ರಾತ್ರಿ ಒಂಬತ್ತೂವರೆಗೆ ನನ್ನ ಆ್ಯಪ್‌ನಲ್ಲಿ ಹಚ್ಚಿದ ಶ್ರುತಿ ಬೆಳಗಿನ ಐದೂಕಾಲಿಗೆ ಮಂಗಳಾರತಿ ಮುಗಿಯುವ ತನಕ ಒಮ್ಮೆಯೂ ಕೈಕೊಡಲಿಲ್ಲ. ನಡುವೆ ಎರಡು ಫೋನ್ ಕರೆಗಳು ಬಂದವು, ಆಂಪ್ಲಿಫೈಯರಿನ ಪಿನ್ ನಾಲ್ಕೈದು ಸಲ ಕಳಚಿತು. ಆದರೂ ಯಾರೂ ಫೋನಿನ ಹತ್ತಿರ ಹೋಗಬೇಕಾಗಲಿಲ್ಲ. ಎರಡು ವರ್ಷದ ಹಿಂದೆ ಬೆಂಗಳೂರಿನ ಇಬ್ಬರು ಮಿತ್ರರು ಸಿದ್ಧ ಪ್ಲಗಿನ್ ಹಾಕಿಕೊಂಡು ವಾರದಲ್ಲಿ ಮುಗಿಸಬೇಕಾದ ಕೆಲಸಕ್ಕೆ ನಾನು ಸುಮ್ಮನೆ ಹೆಣಗುತ್ತಿದ್ದೇನೆ ಎಂದಿದ್ದರು. ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಬೀದಿಯಲ್ಲೇ ಇರುವ ಇನ್ನೊಬ್ಬರು, ಭಜನೆಯವರು ಫೋನ್ ಮುಟ್ಟುವುದೇ ಇಲ್ಲ ಎಂದು ತೀರ್ಪು ಕೊಟ್ಟಿದ್ದರು. ಆದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ. ಆ್ಯಪ್ ಕಟ್ಟುವುದು ಹೇಗೆಂದು ಓದುಗರಿಗೆ ಗೊತ್ತಿದೆ ಎಂದುಕೊಂಡು ನೇರವಾಗಿ ಧ್ವನಿಯ ವಿಷಯಕ್ಕೆ ಬರುತ್ತೇನೆ.

ಆ್ಯಪ್ ಮಾಡಬೇಕಾದ ಕೆಲಸ ಎರಡೇ. ಒಂದು, ನಲವತ್ತನಾಲ್ಕು ತತ್ವಪದ, ವಚನ ಮತ್ತು ದೇವರನಾಮಗಳನ್ನು ಕಲಿಯುವವರಿಗಾಗಿ ನುಡಿಸುವುದು. ಎರಡು, ಹಾಡುವವರು ತಾವೇ ಹಾಡುವಾಗ ಹಿಂದೆ ಬೇಕಾದ ಮನೆಯಲ್ಲಿ, ಅಂದರೆ ಕಪ್ಪು ಒಂದು, ಬಿಳಿ ನಾಲ್ಕು ಎಂದು ಹಾರ್ಮೋನಿಯಂ ಮಾಸ್ತರರು ಹೇಳುವ ಮನೆಯಲ್ಲಿ, ಶ್ರುತಿ ಹಿಡಿದುಕೊಂಡಿರುವುದು. ಮೊದಲನೆಯದು ಕಷ್ಟ, ಎರಡನೆಯದು ಸುಲಭ ಎಂದು ನಾನು ಎಣಿಸಿದ್ದೆ. ಆದದ್ದು ತಿರುಗಾಮುರುಗಾ.

ಮೊದಲ ತಪ್ಪು ಶ್ರುತಿಯನ್ನು ಎಂಪಿ3 ಕಡತವಾಗಿ ಇಟ್ಟು ಆಂಡ್ರಾಯ್ಡ್‌ನ ಮೀಡಿಯಾಪ್ಲೇಯರಿಗೆ ಮತ್ತೆ ಮತ್ತೆ ನುಡಿಸಲು ಹೇಳಿದ್ದು. ಎಂಪಿ3 ತನ್ನ ಧ್ವನಿಯನ್ನು, ಅಲೆಯ ಒಂದೊಂದು ಕ್ಷಣದ ಅಳತೆಯಾದ ಸ್ಯಾಂಪಲ್‌ಗಳನ್ನು ಎಣಿಸಿ, 1152 ಸ್ಯಾಂಪಲ್‌ಗಳ ತುಂಡುಗಳಾಗಿ ಕಟ್ಟುತ್ತದೆ ಮತ್ತು ಎನ್‌ಕೋಡರ್ ಮೊದಲಿಗೂ ಕೊನೆಗೂ ಒಂದಿಷ್ಟು ಮೌನವನ್ನು ಸೇರಿಸಿಬಿಡುತ್ತದೆ. ಹಾಡಿನಲ್ಲಿ ಅದು ಯಾರಿಗೂ ತಿಳಿಯುವುದಿಲ್ಲ. ಆದರೆ ಶ್ರುತಿ ಎಂಬುದು ಎಡೆಬಿಡದ ಗೆರೆ. ಅದರಲ್ಲಿ ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗದಷ್ಟು ಮೌನ ಬಿದ್ದರೂ ಹನ್ನೆರಡು ಸೆಕೆಂಡಿಗೊಮ್ಮೆ ಯಾರೋ ಬಿಕ್ಕಳಿಸಿದಂತೆ ಕೇಳುತ್ತದೆ. ಅದನ್ನೇ ಕುಗ್ಗಿಸದ ಡಬ್ಲ್ಯುಎವಿ ಕಡತ ಮಾಡಿದೆ. ಬಿಕ್ಕಳಿಕೆ ಸಣ್ಣದಾಯಿತೇ ಹೊರತು ಹೋಗಲಿಲ್ಲ.

ಎರಡನೆಯ ಪ್ರಯತ್ನ ಸಣ್ಣ ಸದ್ದುಗಳನ್ನು ನುಡಿಸುವ ಆಂಡ್ರಾಯ್ಡ್‌ನ ಸೌಂಡ್‌ಪೂಲ್. ಇಲ್ಲಿ ಸುತ್ತು ಕೂಡಿಕೊಂಡಿತು, ಆದರೆ ನನ್ನ ಹನ್ನೆರಡು ಸೆಕೆಂಡಿನ ಶ್ರುತಿ ಹನ್ನೊಂದು ತುಂಬುವ ಮೊದಲೇ ಕತ್ತರಿಸಿಕೊಂಡು ಮೊದಲಿಗೆ ಹಾರುತ್ತಿತ್ತು. ಮೂರು ದಿನ ನನ್ನದೇ ಕೋಡಿನಲ್ಲಿ ತಪ್ಪು ಹುಡುಕಿದೆ. ಸೌಂಡ್‌ಪೂಲ್ ಕಡತದಿಂದ ಬಿಡಿಸಿದ ಧ್ವನಿಗೆ ಒಂದು ಮೆಗಾಬೈಟಿನ ಜಾಗವನ್ನಷ್ಟೇ ಕೊಡುತ್ತದೆ; ಸೆಕೆಂಡಿಗೆ 48000 ಸ್ಯಾಂಪಲಿನ, ಹದಿನಾರು ಬಿಟ್ಟಿನ, ಒಂದೇ ಚಾನೆಲಿನ ಧ್ವನಿಗೆ ಸೆಕೆಂಡಿಗೆ 96000 ಬೈಟ್ ಬೇಕು; ಭಾಗಿಸಿದರೆ ಹನ್ನೊಂದು ಸೆಕೆಂಡಿಗೆ ಕೊಂಚ ಕಡಿಮೆ. ಗಂಟೆಯ ಸದ್ದು, ಗುಂಡಿ ಒತ್ತಿದ ಸದ್ದು ಇಂಥವಕ್ಕೆ ಮಾಡಿದ ಸಾಧನದಿಂದ ತಂಬೂರಿಯ ಕೆಲಸ ತೆಗೆಯಲು ಹೋದದ್ದು ನನ್ನ ತಪ್ಪು.

ಕೊನೆಗೆ ಗೆದ್ದದ್ದು ಎಲ್ಲರೂ ಬೇಡವೆಂದ ದಾರಿಯೇ. ಶ್ರುತಿಯನ್ನು ಪೂರ್ತಿ ಬಿಡಿಸಿ ಮೆಮೊರಿಯಲ್ಲಿ ಇಟ್ಟುಕೊಂಡು, ನನ್ನದೇ ಒಂದು ಥ್ರೆಡ್ಡಿನಿಂದ, ಕೊಟ್ಟ ಸ್ಯಾಂಪಲ್‌ಗಳನ್ನು ನೇರವಾಗಿ ನುಡಿಸುವ ಆಡಿಯೋಟ್ರ್ಯಾಕಿಗೆ ಎಡೆಬಿಡದೆ ಉಣಿಸುವುದು. ಕೊನೆಯ ಸ್ಯಾಂಪಲ್ ಮುಗಿದೊಡನೆ ಮೊದಲನೆಯದಕ್ಕೆ ತಿರುಗುವುದು. ಕೂಡುವ ಜಾಗ ಕೇಳಿಸಬಾರದೆಂದು ಕೊನೆಯ ಎರಡು ಸೆಕೆಂಡನ್ನು ಇಳಿಸುತ್ತಾ ಮೊದಲ ಎರಡು ಸೆಕೆಂಡಿನ ಮೇಲೆ ಹೊಂದಿಸಿ ಬೆರೆಸಿದೆ. ಹಾಗೆ ಬೆರೆಸಿದರೂ ಹಾರ್ಮೋನಿಯಂ ತಿದಿಯ ಉಸಿರು ಏರುವಲ್ಲಿ ಕತ್ತರಿಸಿದರೆ ಧ್ವನಿ ಉಬ್ಬಿದಂತೆ ಕೇಳುತ್ತದೆ. ಎಲ್ಲಿ ಕತ್ತರಿಸಬೇಕೆಂಬುದನ್ನು ಎರಡು ತಿಂಗಳು ಕಿವಿ ಸವೆಸಿ ಕಂಡುಕೊಂಡಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಹನ್ನೆರಡು ಮನೆಗಳಿಗೆ ಹನ್ನೆರಡು ಧ್ವನಿಮುದ್ರಣ ಬೇಕಿಲ್ಲ. ನಾಲ್ಕು ಮನೆಗಳನ್ನು ಮುದ್ರಿಸಿ, ಪ್ರತಿಯೊಂದನ್ನೂ ಅರ್ಧ ಸ್ವರ ಮೇಲಕ್ಕೂ ಅರ್ಧ ಸ್ವರ ಕೆಳಕ್ಕೂ ಸರಿಸಿದರೆ ಹನ್ನೆರಡೂ ಬರುತ್ತವೆ. ಅಷ್ಟು ಸ್ವಲ್ಪ ಸರಿಸಿದರೆ ಹಾರ್ಮೋನಿಯಂ ಪೆಟ್ಟಿಗೆಯ ಗುಣ ಕೆಡುವುದಿಲ್ಲ.

ಇದರ ನಡುವೆ ಧ್ವನಿಮುದ್ರಣವೇ ಬೇಡ, ಗಣಿತದಿಂದಲೇ ಶ್ರುತಿ ಹುಟ್ಟಿಸೋಣ ಎಂದು ಹದಿನೈದು ದಿನ ಕಳೆದೆ. ಶುದ್ಧ ಸೈನ್ ಅಲೆಗಳಿಂದ ಮಾಡಿದ ಷಡ್ಜ ಮತ್ತು ಪಂಚಮ ಹೆಡ್‌ಫೋನಿನಲ್ಲಿ ಚೆನ್ನಾಗಿದ್ದವು; ಫೋನಿನ ಸ್ಪೀಕರಿನಲ್ಲಿ ಕೆಳಗಿನ ಷಡ್ಜ ಇಲ್ಲವೇ ಇಲ್ಲ. ಅಂಗುಷ್ಠದಷ್ಟು ಸ್ಪೀಕರು 138 ಹರ್ಟ್ಸಿನಷ್ಟು ತಗ್ಗಿನ ಸ್ವರವನ್ನು ಎಲ್ಲಿಂದ ತಂದೀತು? ಹಾರ್ಮೋನಿಯಂನಲ್ಲಾದರೆ ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲಿನ ಅನುಸ್ವರಗಳು ದಂಡಿಯಾಗಿರುವುದರಿಂದ ಕಿವಿ ಕೆಳಗಿನದನ್ನು ತಾನೇ ಊಹಿಸಿಕೊಳ್ಳುತ್ತದೆ. ಆ ಕೋಡನ್ನು ಇನ್ನೂ ಅಳಿಸಿಲ್ಲ, ಆದರೆ ಬಳಸಿಯೂ ಇಲ್ಲ.

ಹಾಡುಗಳ ಕತೆ ಹಣದ ಕತೆ. ಮೊದಲ ಮುದ್ರಣವನ್ನು ಒಂದು ಸಮುದಾಯ ಭವನದಲ್ಲಿ ಮಾಡಿಸಿ ಸುಮಾರು ಒಂಬತ್ತು ಸಾವಿರ ಕಳೆದುಕೊಂಡೆ. ಫ್ಯಾನ್ ನಿಲ್ಲಿಸಲು ಯಾರಿಗೂ ಹೊಳೆಯಲಿಲ್ಲ, ಬೇಸಗೆ ಬೇರೆ. ಕಡಿಮೆ ಬಿಟ್‌ರೇಟಿಗೆ ಇಳಿಸಿದಾಗ ಆ ಫ್ಯಾನಿನ ಗಾಳಿ ನೀರು ಗುಳುಗುಳಿಸಿದಂತೆ ಮಾರ್ಪಟ್ಟಿತು, ಯಾವ ಫಿಲ್ಟರೂ ಅದನ್ನು ತೆಗೆಯಲಿಲ್ಲ. ಎರಡನೆಯ ಸಲ ಗಂಟೆಗೆ ಐನೂರರಂತೆ ಇಪ್ಪತ್ತಾರು ಗಂಟೆ ಸ್ಟುಡಿಯೋ ಹಿಡಿದೆ, ಹದಿಮೂರು ಸಾವಿರ. ಹಾಡಿದವರಿಗೆ ಮತ್ತು ತಬಲಾದವರಿಗೆ ಹನ್ನೆರಡು ಸಾವಿರ. ಪದಗಳೆಲ್ಲ ಹಳೆಯವು, ಮಟ್ಟುಗಳು ಹಾಡಿದ ಭಜನಾ ಮಂಡಳಿಯವರವೇ. ಕ್ಯಾಸೆಟ್ಟಿನಿಂದ ಎತ್ತಿ ಹಾಕೋಣ ಎಂದವರ ಮಾತು ಕೇಳಲಿಲ್ಲ, ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ ಅರವತ್ತು ವರ್ಷ ಉಳಿಯುತ್ತದೆ.

ಮೊದಲು ಹಾಡುಗಳನ್ನು 192 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 192 ಕಿಲೋಬಿಟ್ಟಿನ, ಎಂಪಿ3 ಆಗಿ ಬಾಡಿಗೆಯ ಸರ್ವರಿನಲ್ಲಿ ಇಟ್ಟಿದ್ದೆ. ಐದು ನಿಮಿಷದ ಹಾಡಿಗೆ ಏಳು ಮೆಗಾಬೈಟಿಗೂ ಹೆಚ್ಚು. ಕಲಿಯುವವರು ಒಂದೇ ನುಡಿಯನ್ನು ಇಪ್ಪತ್ತು ಸಲ ಹಿಂದಕ್ಕೆಳೆದು ಕೇಳುತ್ತಾರೆ. ಒಮ್ಮೆ ಇಳಿದದ್ದನ್ನು ಫೋನಿನಲ್ಲೇ ಉಳಿಸಿಡುವ ಕ್ಯಾಶ್ ಇಡದ ನಾನು ಅಷ್ಟೂ ಸಲ ದತ್ತಾಂಶಕ್ಕೆ ದುಡ್ಡು ಕಟ್ಟಿದೆ, ತಿಂಗಳಿಗೆ ಒಂಬೈನೂರರಂತೆ ಏಳು ತಿಂಗಳು. ಜಗಳೂರಿನ ಕಡೆಯ ಹಟ್ಟಿಗಳಲ್ಲಿ ಸಿಗ್ನಲ್ ಇಲ್ಲದೆ ಹಾಡು ಅರ್ಧಕ್ಕೆ ನಿಲ್ಲುತ್ತಿದ್ದುದು ಬೇರೆ. ಒಂದು ರಾತ್ರಿ ಕುಳಿತು ಎಲ್ಲವನ್ನೂ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಿಂದ, ಕಡಿಮೆ ಜಾಗದಲ್ಲೂ ಚೆನ್ನಾಗಿ ಕೇಳುವ ಓಪಸ್ ಎಂಬ ಬಗೆಗೆ, ಒಂದೇ ಚಾನೆಲಿನ 32 ಕೆಬಿಪಿಎಸ್‌ಗೆ ಇಳಿಸಿದೆ. ಹಾಡೊಂದಕ್ಕೆ 1.2 ಮೆಗಾಬೈಟ್, ನಲವತ್ತನಾಲ್ಕೂ ಸೇರಿ ಐವತ್ತುಮೂರರ ಆಸುಪಾಸು. ಆ್ಯಪ್ ಒಳಗೇ ತುಂಬಿದೆ, ಸರ್ವರ್ ಮುಚ್ಚಿದೆ. 32ಕ್ಕೆ ಇಳಿಸಿದರೆ ಹಾಡು ಕೆಡುತ್ತದೆ ಎಂದು ವಾದಿಸಿದ ಮಿತ್ರರಿಗೆ ಯಾವುದು ಯಾವುದೆಂದು ಹೇಳದೆ ಎರಡೂ ಕಡತ ಕೇಳಿಸಿದೆ. ಐದರಲ್ಲಿ ಮೂರು ಸಲ ಓಪಸ್ಸನ್ನೇ ಒಳ್ಳೆಯದೆಂದರು. ಧ್ವನಿಯ ಜೋರನ್ನು ಎಲ್ಲ ಹಾಡಿಗೂ ಒಂದೇ ಮಟ್ಟಕ್ಕೆ, ಆ ಜೋರನ್ನು ಅಳೆಯುವ ಮಾನದಲ್ಲಿ -16 ಎಲ್‌ಯುಎಫ್‌ಎಸ್‌ಗೆ, ಸರಿಮಾಡಿದ್ದೂ ಅದಕ್ಕೆ ಕಾರಣವಿರಬಹುದು, ಅದನ್ನು ಅವರಿಗೆ ಹೇಳಲಿಲ್ಲ.

ಹಾಡಿಗೆ ಎಕ್ಸೋಪ್ಲೇಯರ್ ಎಂಬ ಸಿದ್ಧ ಲೈಬ್ರರಿ, ಶ್ರುತಿಗೆ ಆಡಿಯೋಟ್ರ್ಯಾಕ್ ಎಂದು ಎರಡು ಒಲೆ ಹಚ್ಚಿದಾಗ ಹೊಸ ಜಗಳ ಶುರುವಾಯಿತು. ಶ್ರುತಿ ಹಚ್ಚಿದರೆ ಹಾಡು ನಿಲ್ಲುವುದು, ಹಾಡು ಹಚ್ಚಿದರೆ ಶ್ರುತಿ ನಿಲ್ಲುವುದು. ಎರಡೂ ಬೇರೆ ಬೇರೆಯಾಗಿ ಆಡಿಯೋ ಫೋಕಸ್, ಅಂದರೆ ಈಗ ಸದ್ದು ಮಾಡುವ ಸರದಿ, ಕೇಳುತ್ತಿದ್ದವು. ಒಂದೇ ಆ್ಯಪ್ ಆದರೂ ಒಬ್ಬರು ಹಿಡಿದರೆ ಇನ್ನೊಬ್ಬರು ಬಿಡಲೇಬೇಕು. ಎಕ್ಸೋಪ್ಲೇಯರಿನ ಸ್ವಂತ ಫೋಕಸ್ ವ್ಯವಸ್ಥೆಯನ್ನು ಆರಿಸಿ, ಇಬ್ಬರ ಪರವಾಗಿ ಒಬ್ಬನೇ ಯಜಮಾನ ಫೋಕಸ್ ಕೇಳುವಂತೆ ಮಾಡಿದೆ. ಕರೆ ಬಂದಾಗ ಎರಡನ್ನೂ ನಿಲ್ಲಿಸುವವನು, ಮುಗಿದಾಗ ನಿಲ್ಲಿಸುವ ಮೊದಲು ಯಾವುದು ನಡೆಯುತ್ತಿತ್ತೋ ಅದನ್ನಷ್ಟೇ ಎಬ್ಬಿಸುವವನು ಅವನೇ. ಪರದೆ ಆರಿದಾಗಲೂ ಬದುಕಿರಲು ಹಿನ್ನೆಲೆಯಲ್ಲಿ ಓಡುವ ಮೀಡಿಯಾಸೆಷನ್‌ಸರ್ವಿಸ್ ಸಾಕಾಯಿತು. ಆಂಡ್ರಾಯ್ಡ್ 14ಕ್ಕೆ ಗುರಿಯಿಟ್ಟವರು ಸರ್ವಿಸ್‌ನ ಬಗೆ ಮೀಡಿಯಾಪ್ಲೇಬ್ಯಾಕ್ ಎಂದು ಘೋಷಿಸಿ ಅದರ ಅನುಮತಿಯನ್ನೂ ಮ್ಯಾನಿಫೆಸ್ಟಿನಲ್ಲಿ ಬರೆಯದಿದ್ದರೆ ಆ್ಯಪ್ ಅಲ್ಲೇ ಮಕಾಡೆ ಬೀಳುತ್ತದೆ.

ಹೆಡ್‌ಫೋನ್ ಕಳಚಿದರೆ ಧ್ವನಿ ನಿಲ್ಲಬೇಕು ಎಂಬುದು ಒಳ್ಳೆಯ ಆ್ಯಪ್‌ನ ನಿಯಮ, ಬಸ್ಸಿನಲ್ಲಿ ಕುಳಿತವರಿಗೆ ಅದು ಸರಿ. ಗುಡಿಯಲ್ಲಿ ಅದೇ ಪಿನ್ ಹಳೆಯ ಆಂಪ್ಲಿಫೈಯರಿಗೆ ಸಿಕ್ಕಿಸಿರುತ್ತದೆ. ದಮ್ಮಡಿ ಬಡಿಯುವವರ ಮೊಣಕಾಲು ತಾಗಿದರೆ ಸಾಕು, ಶ್ರುತಿ ಸತ್ತಂತೆ. ಆದ್ದರಿಂದ ಪಿನ್ ಕಳಚಿದಾಗ ಧ್ವನಿ ನಿಲ್ಲಿಸಿ, ಸ್ವಲ್ಪ ಹೊತ್ತಿನೊಳಗೆ ಮರಳಿ ಸಿಕ್ಕಿಸಿದರೆ ಮೆಲ್ಲಗೆ ಏರಿಸುತ್ತಾ ತಾನೇ ಶುರುವಾಗುವಂತೆ ಮಾಡಿದ್ದೇನೆ. ಆ ಸ್ವಲ್ಪ ಹೊತ್ತು ಎಷ್ಟೆಂಬುದೂ ನನ್ನಲ್ಲೇ ಇರಲಿ.

ತಾಳವನ್ನೂ ಸೇರಿಸಿದೆ. ಟೈಮರಿನಿಂದ ಬಡಿದ ತಾಳ ಐದು ನಿಮಿಷದಲ್ಲಿ ತಪ್ಪುತ್ತಿತ್ತು. ಮೆಮೊರಿಯಿಂದ ಉಣಿಸುವ ಶ್ರುತಿಯ ಬಫರಿನಲ್ಲೇ ಸ್ಯಾಂಪಲ್ ಎಣಿಸಿ ಬೆರೆಸಿದ ಮೇಲೆ ತಪ್ಪಲಿಲ್ಲ. ನಿಮಿಷಕ್ಕೆ ಎಂಬತ್ತು ಬಡಿತವೆಂದರೆ 36000 ಸ್ಯಾಂಪಲಿಗೊಂದು. ಪರದೆ ಮುಟ್ಟಿ ತಾಳ ಬಡಿಯುವ ಗುಂಡಿಯನ್ನು ಮಾತ್ರ ಕೈಬಿಟ್ಟೆ, ಬ್ಲೂಟೂತ್ ಸ್ಪೀಕರಿನಲ್ಲಿ ಸದ್ದು ಬೆರಳಿನ ಹಿಂದೆ ಕಾಲೆಳೆಯುತ್ತಾ ಬರುತ್ತದೆ.

ಇಲ್ಲಿಯವರೆಗೆ ಇನ್ನೂರ ಹತ್ತರಷ್ಟು ಮಂಡಳಿಗಳು 149 ರೂಪಾಯಿ ಕೊಟ್ಟು ಕೊಂಡಿವೆ. ಪ್ಲೇ ಸ್ಟೋರಿನ ಶೇಕಡಾ 15 ಕಳೆದರೆ ಇಪ್ಪತ್ತಾರು ಸಾವಿರದ ಮೇಲೆ. ಖರ್ಚು, ನೋಂದಣಿಯ 25 ಡಾಲರೂ ಸೇರಿ, ನಲವತ್ತೆರಡು ಸಾವಿರದ ಹತ್ತಿರ. ಮುಂದಿನ ಶ್ರಾವಣಕ್ಕೆ ಸರಿಹೋದೀತು.

ಆ ಅಹೋರಾತ್ರಿಯ ದಿನ ಹಾಡು ಶುರುವಾಗುವ ಮೊದಲು ಹಾರ್ಮೋನಿಯಂ ಮಾಸ್ತರರು ಕಪ್ಪು ಒಂದನ್ನು ಒತ್ತಿ ಹಿಡಿದು, ನನ್ನ ಶ್ರುತಿಯ ಜೊತೆ ಕೇಳಿ ತಲೆ ಅಲ್ಲಾಡಿಸಿದರು. ‘ಇದು ಓಲಾಡ್ತತಲ್ರೀ’ ಎಂದರು. ನಿಜ, ಸೆಕೆಂಡಿಗೆ ಎರಡು ಸಲ ಧ್ವನಿ ಹಿಗ್ಗಿ ಕುಗ್ಗುತ್ತಿತ್ತು. ನನ್ನದು 277 ಹರ್ಟ್ಸ್. ಅವರ ಪೆಟ್ಟಿಗೆಯ ರೀಡು ವರ್ಷಗಳಿಂದ ಇಳಿದು 275ಕ್ಕೆ ಬಂದು ಕುಳಿತಿತ್ತು. ಅರ್ಧ ಸ್ವರದ ನೂರರಲ್ಲೊಂದು ಪಾಲಾದ ಸೆಂಟ್‌ಗಳ ಲೆಕ್ಕದಲ್ಲಿ ಶ್ರುತಿಯನ್ನು ಸರಿಸುವ ಗುಂಡಿಯನ್ನು ನನ್ನ ಪರೀಕ್ಷೆಗೆಂದು ಅಡಗಿಸಿಟ್ಟಿದ್ದೆ. ಅದನ್ನು ತೆರೆದು ಹದಿನಾಲ್ಕು ಸೆಂಟ್ ಇಳಿಸಿದಾಗ ಓಲಾಟ ನಿಧಾನವಾಗಿ ನಿಂತಿತು. ಮರುದಿನ ದಾವಣಗೆರೆಗೆ ಬಂದವನೇ ಆ ಗುಂಡಿಯನ್ನು ಮುಖಪುಟಕ್ಕೆ ತಂದೆ, ‘ಪೆಟ್ಟಿಗೆಗೆ ಹೊಂದಿಸಿ’ ಎಂದು ಹೆಸರಿಟ್ಟೆ.